ಮೂರನೇ ಚಮಚ ತುಪ್ಪ: ಮೆನಿ-ಟು-ಮೆನಿಗೆ ನಾನು ನೋಡಿದ ದಾರಿಗಳು

ಬಿಸಿಬೇಳೆಬಾತ್‌ಗೆ ತುಪ್ಪ ಎರಡು ಸಲ ಬೀಳುತ್ತದೆ. ಒಗ್ಗರಣೆಗೆ ಎರಡು ಚಮಚ, ಬಡಿಸುವಾಗ ಮೇಲೊಂದು. ನನ್ನ ಡೇಟಾಬೇಸ್ ತಲೆಕೆಳಗಾಗಿದ್ದು ಆ ಮೂರನೇ ಚಮಚದಿಂದ.

ಅಮ್ಮನ ಅಡುಗೆಗಳನ್ನು ಒಂದು ಪುಟ್ಟ ಆ್ಯಪ್‌ನಲ್ಲಿ ಹಾಕೋಣ ಅಂತ ಕೂತಿದ್ದೆ. ಪೈಥಾನ್‌ನಲ್ಲಿ ವೆಬ್ ಆ್ಯಪ್ ಕಟ್ಟಲು ಬಳಸುವ ಜಾಂಗೊ, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ಒಂದು ಅಡುಗೆಗೆ ಹಲವು ಸಾಮಾನು, ಒಂದೇ ಸಾಮಾನು ಹಲವು ಅಡುಗೆಗೆ. ಇಂಥ ನಂಟಿಗೇ ಮೆನಿ-ಟು-ಮೆನಿ ಅನ್ನುವುದು. ಮೊದಲು ಬರೀ ಮೆನಿ-ಟು-ಮೆನಿ ಫೀಲ್ಡ್ ಹಾಕಿದೆ. ಎರಡನ್ನೂ ಜೋಡಿಸುವ ನಡುವಿನ ಟೇಬಲ್ಲನ್ನು ಜಾಂಗೊನೇ ಮಾಡಿಕೊಳ್ಳುತ್ತದೆ, ಸಲೀಸು. ಆದರೆ ಅದರಲ್ಲಿ ತನ್ನ ಐಡಿ ಬಿಟ್ಟರೆ ಇರುವುದು ಎರಡು ಕಡೆಯ ಐಡಿ ಮಾತ್ರ. ಅಳತೆ ಎಲ್ಲಿ ಬರೆಯುವುದು? ಸಾಮಾನಿನ ಟೇಬಲ್‌ನಲ್ಲಿ ಬರೆದರೆ ಊರಿನ ಎಲ್ಲ ಅಡುಗೆಗೂ ಒಂದೇ ಅಳತೆ ತುಪ್ಪ!

ಎರಡನೆಯದು ಜೆಸನ್‌ಬಿ ಕಾಲಂ, ಅಂದರೆ ಒಂದೇ ಕಾಲಂನಲ್ಲಿ ಇಡೀ ಪಟ್ಟಿಯನ್ನು ತುಂಬಿಡುವ ಪೋಸ್ಟ್‌ಗ್ರೆಸ್‌ನ ಬಗೆ. ಸಾಮಾನು, ಅಳತೆ, ಎಲ್ಲವನ್ನೂ ಅಡುಗೆಯ ಸಾಲಿಗೇ ತುಂಬಿದೆ. ಒಂದು ವಾರ ಖುಷಿಯಾಗಿದ್ದೆ. ಆಮೇಲೆ ನೋಡಿದರೆ ಒಂದು ಕಡೆ 'ಇಂಗು', ಇನ್ನೊಂದು ಕಡೆ 'ಹಿಂಗು'. ಜೆಸನ್ ಒಳಗಿನ ಹೆಸರಿಗೆ ಫಾರಿನ್ ಕೀ (ಇನ್ನೊಂದು ಟೇಬಲ್‌ನಲ್ಲಿ ಇರುವ ಸಾಲನ್ನೇ ತೋರಿಸಬೇಕು ಅನ್ನುವ ಕಟ್ಟು) ಹಾಕಲು ಬರುವುದಿಲ್ಲ, ಹಾಗಾಗಿ ತಪ್ಪನ್ನು ತಡೆಯುವವರೇ ಇಲ್ಲ. ಜೆಸನ್ ಒಳಗೆ ಹುಡುಕಲು ಪೋಸ್ಟ್‌ಗ್ರೆಸ್ ಕೊಡುವ ಜಿನ್ ಇಂಡೆಕ್ಸ್ ಹಾಕಿದರೆ ಹುಡುಕಾಟವೇನೋ ಬೇಗ ಆಗುತ್ತದೆ. ಆದರೆ ಇಂಗನ್ನು ಹಿಂಗು ಅಂತ ಬರೆದಿದ್ದರೆ ಬೇಗ ಸಿಗುವುದೂ ತಪ್ಪು ಉತ್ತರವೇ, ಅಲ್ವಾ?

ಕೊನೆಗೆ ನಡುವಿನ ಟೇಬಲ್ಲನ್ನು ನಾನೇ ಬರೆದೆ. ನಡುವಿನ ಟೇಬಲ್ ಇದೇ ಅಂತ ಹೇಳುವ 'ಥ್ರೂ'ವನ್ನು ಹಳೆಯ ಫೀಲ್ಡ್‌ಗೇ ಸೇರಿಸಲು ಹೋದರೆ ಮೈಗ್ರೇಶನ್ (ಟೇಬಲ್ ಬದಲಿಸುವ ಜಾಂಗೊದ ಹೆಜ್ಜೆ) ಒಪ್ಪಲೇ ಇಲ್ಲ. ಹೊಸ ಟೇಬಲ್ ಮಾಡಿ, ಡೇಟಾ ನಕಲಿಸಿ, ಹಳೆಯದನ್ನು ತೆಗೆದೆ. ಮೊದಲೇ ಹೀಗೆ ಮಾಡಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು.

ಇಲ್ಲೂ ಎರಡು ಬಗೆ. ಅಡುಗೆ ಐಡಿ, ಸಾಮಾನಿನ ಐಡಿ ಎರಡನ್ನೂ ಸೇರಿಸಿ ಪ್ರೈಮರಿ ಕೀ (ಸಾಲಿನ ಗುರುತು, ಎರಡು ಸಲ ಬರುವಂತಿಲ್ಲ) ಮಾಡಬಹುದು. ಜಾಂಗೊ 5.2ರಿಂದ ಇದಕ್ಕೆ ಅವಕಾಶವಿದೆ. ನೋಡಲು ಚೊಕ್ಕ. ಆದರೆ ಎರಡನೇ ಸಲದ ತುಪ್ಪಕ್ಕೆ ಜಾಗವೇ ಇಲ್ಲ. ಜೊತೆಗೆ 'ತುಪ್ಪ ಇಲ್ಲದಿದ್ದರೆ ಎಣ್ಣೆ' ಅನ್ನುವ ಬದಲಿ ಸಾಮಾನಿನ ಟೇಬಲ್ ಆ ಸಾಲಿಗೇ ಅಂಟಬೇಕಿತ್ತು. ಅಂಥ ಜೋಡಿ ಕೀಗೆ ಜಾಂಗೊದಲ್ಲಿ ಫಾರಿನ್ ಕೀ ಕೊಡಲಾಗುವುದಿಲ್ಲ.

ಹಾಗಾಗಿ ನಾನು ಉಳಿಸಿಕೊಂಡದ್ದು ಪ್ರತಿ ಸಾಲಿಗೂ ತನ್ನದೇ ಐಡಿ ಇರುವ ಟೇಬಲ್. ಅದರಲ್ಲಿ ಅಳತೆ, ಮಾನ, ಹಂತ. ಅಡುಗೆ, ಸಾಮಾನು, ಹಂತ ಮೂರೂ ಸೇರಿ ಯುನೀಕ್, ಅಂದರೆ ಅದೇ ಮೂರು ಇನ್ನೊಂದು ಸಾಲಿನಲ್ಲಿ ಬರುವಂತಿಲ್ಲ. ಒಗ್ಗರಣೆಯ ತುಪ್ಪ ಬೇರೆ, ಬಡಿಸುವಾಗಿನ ತುಪ್ಪ ಬೇರೆ.

ಇದರಲ್ಲೂ ಕಲ್ಲು ಸಿಗುತ್ತದೆ. ಮೆನಿ-ಟು-ಮೆನಿಗೆ ಜಾಂಗೊ ಕೊಡುವ 'ಆಡ್' ಆಜ್ಞೆಯಿಂದ ಎರಡನೇ ತುಪ್ಪ ಸೇರಿಸಿದರೆ, ಈಗಾಗಲೇ ಇದೆಯಲ್ಲ ಅಂತ ಜಾಂಗೊ ಸುಮ್ಮನಾಗುತ್ತದೆ, ಎರರ್ ಕೂಡ ಇಲ್ಲ. 'ರಿಮೂವ್' ಕೊಟ್ಟರೆ ಎರಡೂ ತುಪ್ಪ ಒಟ್ಟಿಗೇ ಹೋಗುತ್ತವೆ. ಈಗ ಆ ಎರಡು ಆಜ್ಞೆಗಳನ್ನೂ ಮುಟ್ಟುವುದಿಲ್ಲ. ನಡುವಿನ ಟೇಬಲ್‌ನಲ್ಲೇ ನೇರವಾಗಿ ಸಾಲು ಸೇರಿಸುತ್ತೇನೆ, ಅಳಿಸುತ್ತೇನೆ. ಕೋಡ್ ಸ್ವಲ್ಪ ಜಾಸ್ತಿ, ಪರವಾಗಿಲ್ಲ.

'ಹಬ್ಬದ ಅಡುಗೆ', 'ಉಪವಾಸ' ಅನ್ನುವ ಟ್ಯಾಗ್‌ಗಳು ಮಾತ್ರ ಈಗಲೂ ಬರೀ ಮೆನಿ-ಟು-ಮೆನಿಯಲ್ಲೇ ಇವೆ. ಅವುಗಳ ಬಗ್ಗೆ ಬರೆದಿಡುವುದು ಏನೂ ಇಲ್ಲ.

ಅಳತೆ ಕಾಲಂ ಖಾಲಿ ಬಿಡಲು ಬಿಟ್ಟಿದ್ದೇನೆ. ಉಪ್ಪು ಎಷ್ಟಮ್ಮಾ ಅಂದರೆ 'ನೋಡ್ಕೊಂಡು ಹಾಕು' ಅಂದಳು.