ಕಾಪು ಕಡಲಲ್ಲಿ ಆರು ದಿನ: ಸೈಂಟಿಫಿಕ್ ಡೈವಿಂಗ್ ತರಬೇತಿ ಹೇಗಿತ್ತು ಅಂದರೆ

ಐದನೇ ದಿನ ಮಧ್ಯಾಹ್ನ ಕಾಪುವಿನ ದಡದಲ್ಲಿ ಒಬ್ಬನನ್ನು ಮರಳಿನ ಮೇಲೆ ಮಲಗಿಸಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದೆವು. ನಿಜವಾದ ಅವಘಡ ಅಲ್ಲ, ಅಣಕು. ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ತುರ್ತು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿದ್ದ ಮೊದಲ ನಂಬರ್ ಒತ್ತಿದೆ. ನೀವು ಕರೆ ಮಾಡಿರುವ ಸಂಖ್ಯೆ ಚಾಲ್ತಿಯಲ್ಲಿಲ್ಲ ಅಂತ ಆ ರೆಕಾರ್ಡಿಂಗ್ ಹೆಂಗಸಿನ ದನಿ. ಸ್ಪೀಕರ್ ಹಾಕಿದ್ದರಿಂದ ಎಲ್ಲರಿಗೂ ಕೇಳಿತು. ಮಲಗಿದ್ದ ರೋಗಿ ಕೂಡ ಕಣ್ಣು ಬಿಟ್ಟು ನೋಡಿದ.

ಸಂಸ್ಥೆಯ ಹೆಸರು ಇಲ್ಲಿ ಹಾಕುವುದಿಲ್ಲ. ಅವರಿಗೆ ಎರಡು ಪುಟ ನೇರವಾಗಿಯೇ ಬರೆದು ಕಳಿಸಿದ್ದೇನೆ. ಆದರೆ ಸೈಂಟಿಫಿಕ್ ಡೈವಿಂಗ್, ಅಂದರೆ ಟ್ಯಾಂಕ್ ಕಟ್ಟಿ ನೀರಿನೊಳಗೆ ಇಳಿದು ಎಣಿಸುವ, ಅಳೆಯುವ ಕೆಲಸ, ನಮ್ಮ ಕರಾವಳಿಯಲ್ಲಿ ಇದರ ತರಬೇತಿ ಯಾವುದು ಬಂದರೂ ಹೋಗುವ ಮೊದಲು ಏನು ನೋಡಬೇಕು, ದುಡ್ಡಿಗೆ ತಕ್ಕ ಹಾಗೆ ಇರುತ್ತದಾ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಪಡುಬಿದ್ರಿ ಕಡೆಯವಳು. ಒಂದು ಪ್ರಾಜೆಕ್ಟಿನಲ್ಲಿ ಪಚ್ಚಿಲೆಯ, ಅಂದರೆ ಬಂಡೆಗೆ ಅಂಟಿಕೊಂಡು ಬೆಳೆಯುವ ಚಿಪ್ಪಿನ ಜೀವಿಯ, ಲೆಕ್ಕ ಹಾಕುವ ಕೆಲಸ. ಇಷ್ಟು ದಿನ ನೀರು ಇಳಿದಾಗ ಮೊಣಕಾಲುದ್ದ ನೀರಲ್ಲಿ ನಿಂತು ಎಣಿಸುತ್ತಿದ್ದೆ. ಮೂರು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಕಲಿತು ಸರ್ಟಿಫಿಕೇಟ್ ತೆಗೆದುಕೊಂಡಿದ್ದೆ, ಆಮೇಲೆ ಟ್ಯಾಂಕ್ ಬೆನ್ನಿಗೆ ಏರಿಸಿದ್ದು ಕಮ್ಮಿ. ಈ ತರಬೇತಿಗೆ ಆರು ದಿನಕ್ಕೆ 28,000 ರೂಪಾಯಿ ಅಂದಾಗ ಅಮ್ಮ, "ಸಮುದ್ರಕ್ಕೆ ಹಾರ್ಲಿಕ್ಕೆ ಇಷ್ಟು ದುಡ್ಡು ಕೊಡ್ಲಿಕ್ಕುಂಟಾ?" ಅಂತ ಕೇಳಿದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಮಾವ ಬರೀ ಒಂದು ಚಡ್ಡಿ, ಒಂದು ಉಳಿ ಹಿಡಿದು ಮುಳುಗಿ ಗೋಣಿ ತುಂಬ ಪಚ್ಚಿಲೆ ತರುತ್ತಿದ್ದವರು.

ಮೊದಲ ಎರಡು ದಿನ ಮಂಗಳೂರಿನಲ್ಲಿ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಈಜುಕೊಳ. ಆ ಮಾವನ ವಿಷಯವೇ ಕ್ಲಾಸಿನಲ್ಲಿ ನನ್ನ ಮಂಡೆ ಬಿಸಿ ಮಾಡಿದ್ದು. ನಾವು ಕಡಲ ಬದಿಯ ಮಕ್ಕಳು ಉಸಿರು ಕಟ್ಟಿ ಮುಳುಗಿ ಬೆಳೆದವರು ಅಲ್ವಾ, ನೀರಿನೊಳಗೆ ಗಾಬರಿ ಆದರೆ ಮೊದಲು ಆಗುವುದೇ ಉಸಿರು ಕಟ್ಟುವುದು. ಸ್ಕೂಬಾದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ತಪ್ಪು. ಮಾವ ಮೇಲೆ ತುಂಬಿಸಿಕೊಂಡ ಉಸಿರು ಕೆಳಗೆ ಹೋದಾಗ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಅದರಿಂದ ಎದೆಗೆ ಏನೂ ಆಗುವುದಿಲ್ಲ. ನಾನು 10 ಮೀಟರ್ ಕೆಳಗೆ ಟ್ಯಾಂಕಿನಿಂದ ಎಳೆದ ಉಸಿರು ಹಾಗಲ್ಲ. ಅದನ್ನು ಕಟ್ಟಿಕೊಂಡು ಮೇಲೆ ಬಂದರೆ ಎರಡರಷ್ಟು ಹಿಗ್ಗುತ್ತದೆ, ಶ್ವಾಸಕೋಶ ಹರಿಯುತ್ತದೆ. ಅಷ್ಟು ಆಳವೂ ಬೇಡ, ಆಳು ಮುಳುಗುವಷ್ಟು ನೀರಲ್ಲೂ ಇದು ಆಗಬಹುದು. ಪುಸ್ತಕದಲ್ಲಿ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದೆ. ಆದರೆ ಈಜುಕೊಳದಲ್ಲಿ ಮೇಡಂ ಹಿಂದಿನಿಂದ ಬಂದು ನನ್ನ ಮಾಸ್ಕ್ ಕಿತ್ತಾಗ ನಾನು ಮಾಡಿದ್ದು ಏನು? ಉಸಿರು ಕಟ್ಟಿದ್ದು! ಅವರು ನನ್ನ ಬಾಯಿಯ ಮುಂದೆ ಬೆರಳು ಹಿಡಿದು ಗುಳ್ಳೆ ಬರಲಿ, ಗುಳ್ಳೆ ಬರಲಿ ಅಂತ ಸನ್ನೆ ಮಾಡುತ್ತಲೇ ಇದ್ದರು. ಅದೊಂದನ್ನೇ ಎಂಟು ಸಲ ಮಾಡಿಸಿದರು. ಎಂಟನೆಯ ಸಲ ಸರಿ ಆಯಿತು. ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿನ ಅರ್ಧ ಅಲ್ಲೇ ವಸೂಲಿ.

ಕ್ಲಾಸಿನ ಉಳಿದ ಭಾಗ ಮೇಲೆ ಕೆಳಗೆ. ಡಿಕಂಪ್ರೆಶನ್, ಅಂದರೆ ಮೇಲೆ ಬರುವಾಗ ಮೈಮೇಲಿನ ಒತ್ತಡ ಇಳಿಯುವುದರ ಬಗ್ಗೆ ಹೇಳುವಾಗ 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಬ್ರಿಟಿಷ್ ನೌಕಾಪಡೆಗಾಗಿ ಆಡುಗಳನ್ನು ಒತ್ತಡದ ಕೋಣೆಯೊಳಗೆ ಇಟ್ಟು, ಎಷ್ಟು ಆಳದಿಂದ ಹೇಗೆ ನಿಧಾನವಾಗಿ ಮೇಲೆ ಬರಬೇಕು ಅನ್ನುವ ಮೊದಲ ಪಟ್ಟಿ ಮಾಡಿದ ಕಥೆ ಚೆನ್ನಾಗಿ ಹೇಳಿದರು. ರಕ್ತದಲ್ಲಿ ಕರಗಿದ ಸಾರಜನಕ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಆಗುವುದು, ಅದಕ್ಕೇ ನಿಮಿಷಕ್ಕೆ 9 ಮೀಟರಿಗಿಂತ ಜೋರಾಗಿ ಮೇಲೆ ಬರಬಾರದು, 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು, ಇವೆಲ್ಲ ತಲೆಗೆ ಹೋಯಿತು. ಆದರೆ ಅನುಮತಿ, ವಿಮೆ ಎಲ್ಲ ಹೇಳಿದ ಎರಡು ಗಂಟೆ ಸ್ಲೈಡ್ ನೋಡಿ ಓದಿದ್ದು ಅಷ್ಟೇ. ಊಟದ ನಂತರ ಬೇರೆ. ಹಿಂದಿನ ಸಾಲು ಪೂರ್ತಿ ನಿದ್ದೆ. ಕೊಟ್ಟ ಪುಸ್ತಕವೂ ಇಂಗ್ಲಿಷಿನಲ್ಲಿ ಮಾತ್ರ. ಬೋಟಿನಲ್ಲಿ ನಮ್ಮನ್ನು ಕಾಯುವವರು, ಹಗ್ಗ ಹಿಡಿಯುವವರು ತುಳು, ಕನ್ನಡ ಮಾತಾಡುವವರು. ಅವರಿಗೆ ಒಂದು ಹಾಳೆಯಾದರೂ ಕನ್ನಡದಲ್ಲಿ ಇರಬೇಕಿತ್ತು.

ಗಾಳಿಯ ಲೆಕ್ಕ ಮಾತ್ರ ಬೋರ್ಡಿನ ಮೇಲೆ ನಮ್ಮ ಕೈಯಲ್ಲೇ ಮಾಡಿಸಿದರು. ಸಿಲಿಂಡರ್ 11 ಲೀಟರಿನದು, ತುಂಬಿದರೆ ಒಳಗಿನ ಒತ್ತಡ 200 ಬಾರ್, ಅಂದರೆ 2,200 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡಿದರೆ ನೀರಿನ ಮೇಲೆ 110 ನಿಮಿಷ. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು, ಹಾಗಾಗಿ 55 ನಿಮಿಷ. 20 ಮೀಟರಿಗೆ 36 ನಿಮಿಷ ಚಿಲ್ಲರೆ. ಕೊನೆಯ 50 ಬಾರ್ ಮುಟ್ಟುವ ಹಾಗೇ ಇಲ್ಲ. ಇದು ಸುಮ್ನೆ ಮೀನು ನೋಡಿಕೊಂಡು ತೇಲುವವರ ಲೆಕ್ಕ. ಕೆಲಸ ಮಾಡುವವರು ಇನ್ನೂ ಬೇಗ ಖಾಲಿ ಮಾಡುತ್ತಾರೆ ಅಂದರು. ನಾನು ನಂಬಲಿಲ್ಲ, ನನ್ನದು ಕಮ್ಮಿ ಉಸಿರು ಅಂತ ಒಳಗೊಳಗೇ ಒಂದು ಜಂಬ ಇತ್ತು.

ಅದು ಇಳಿದದ್ದು ಮೂರನೇ ದಿನ. ಕಾಪುವಿನಿಂದ ಬೋಟಿನಲ್ಲಿ ಹೋಗಿ ಬಂಡೆಯ ಪಕ್ಕ 9 ಮೀಟರ್ ಇಳಿದೆವು. ನೀರು ಕಲಕಿತ್ತು, ಎರಡು ಮೀಟರ್ ಆಚೆ ಏನೂ ಕಾಣುವುದಿಲ್ಲ. ನೇತ್ರಾಣಿಯ ತಿಳಿ ನೀರು ನೋಡಿದವರಿಗೆ ಇದು ಗಂಜಿ ನೀರು. 30 ಮೀಟರ್ ಟೇಪ್ ಎಳೆದು, ಪೈಪಿನ ಅರ್ಧ ಮೀಟರ್ ಚೌಕಟ್ಟು ಇಟ್ಟು, ಒಳಗಿರುವ ಪಚ್ಚಿಲೆ ಎಣಿಸಿ, ಸ್ಲೇಟಿನಲ್ಲಿ ಪೆನ್ಸಿಲಿನಿಂದ ಬರೆಯುವುದು. ಒಂದು ಕೈಯಲ್ಲಿ ಸ್ಲೇಟು, ಇನ್ನೊಂದರಲ್ಲಿ ಚೌಕಟ್ಟು, ತೆರೆ ಬಂದಾಗೆಲ್ಲ ನಾನೇ ಉಯ್ಯಾಲೆ ಆಡುತ್ತಿದ್ದೆ. ಸ್ಲೇಟಿನ ಬಲಗಡೆ ಒಂದು ಕಾಲಂ ಇತ್ತು, ಐದು ನಿಮಿಷಕ್ಕೊಮ್ಮೆ ಟ್ಯಾಂಕಿನ ಒತ್ತಡ ಬರೆಯಲಿಕ್ಕೆ. 100 ಬಾರ್ ಬಂದಾಗ ತಿರುಗುವುದು ಅಂತ ಮಾತಾಗಿತ್ತು. ಜತೆಗಿದ್ದ ಹುಡುಗ ಭುಜ ತಟ್ಟಿ ಗೇಜ್ ತೋರಿಸು ಅಂದ. ನನ್ನ ಮನಸ್ಸಿನಲ್ಲಿ 110 ಇರಬೇಕು ಅಂತ. ಮುಳ್ಳು 60ರಲ್ಲಿತ್ತು.

ಮೇಲೆ ಬಂದ ಮೇಲೆ ಸರ್ ಬೈಯಲಿಲ್ಲ. ಸ್ಲೇಟು ಕೇಳಿ ತೆಗೆದುಕೊಂಡು ಎಲ್ಲರಿಗೂ ಕಾಣುವ ಹಾಗೆ ಹಿಡಿದರು ಅಷ್ಟೇ. ಮೊದಲ ಸಾಲು ಪಚ್ಚಿಲೆ 22, ಒತ್ತಡ 180. ಎರಡನೆಯದು 41, 160. ಮೂರನೆಯದು 37, ಖಾಲಿ. ನಾಲ್ಕನೆಯದು 52, ಖಾಲಿ. ಐದನೆಯದರಲ್ಲೂ ಒತ್ತಡದ ಜಾಗ ಖಾಲಿ. ಪಚ್ಚಿಲೆ ಒಂದೂ ಬಿಡದೆ ಎಣಿಸಿದ್ದೆ ಮಾರಾಯ್ರೆ!

ಮನರಂಜನೆಗೆ ಮುಳುಗುವುದಕ್ಕೂ ಕೆಲಸಕ್ಕೆ ಮುಳುಗುವುದಕ್ಕೂ ಇರುವ ವ್ಯತ್ಯಾಸ ನನಗೆ ಹಿಡಿದದ್ದು ಆ ಖಾಲಿ ಜಾಗ ನೋಡಿದಾಗ. ಮುಂದಿನ ಡೈವಿನಿಂದ ಮೊದಲು ಒತ್ತಡ ಬರೆಯುವುದು, ಆಮೇಲೆ ಎಣಿಸುವುದು ಅಂತ ಕ್ರಮ ಬದಲಿಸಿದರು. ಇಷ್ಟು ಸಣ್ಣ ಬದಲಾವಣೆ, ಆದರೆ ಮತ್ತೆ ಯಾರದ್ದೂ ತಪ್ಪಲಿಲ್ಲ.

ಬಲೆಯ ಪಾಠವೂ ನೆನಪಿಡುವಂಥದ್ದು. ಹಳೆಯ ನೈಲಾನ್ ಬಲೆ ತಂದು ಈಜುಕೊಳದೊಳಗೆ ನಮ್ಮ ಮೇಲೆ ಹಾಕಿದರು, ಮಾಸ್ಕಿನ ಗಾಜಿಗೆ ಕಪ್ಪು ಕಾಗದ. ಒದ್ದಾಡಿದಷ್ಟೂ ಟ್ಯಾಂಕಿನ ತಲೆಗೆ ಸುತ್ತುತ್ತದೆ. ಸಿನಿಮಾದವರ ಹಾಗೆ ದೊಡ್ಡ ಚಾಕು ಕಟ್ಟಿಕೊಂಡು ಬಂದಿದ್ದವನೊಬ್ಬ ಕೊಯ್ದು ಕೊಯ್ದು ಸುಸ್ತಾದ. ಮೇಡಂ ಕೊಟ್ಟ ದಪ್ಪ ಕತ್ತರಿಯಲ್ಲಿ ಅದೇ ಬಲೆ ಕರಕ್ ಅಂತ ತುಂಡಾಯಿತು. ಬಂಡೆಗೆ ಸಿಕ್ಕಿ ಉಳಿದ ಬಲೆ ನಮ್ಮ ಕಡಲಲ್ಲಿ ಎಷ್ಟಿದೆ ಅಂತ ಯಾವ ಮೀನುಗಾರನನ್ನು ಕೇಳಿದರೂ ಹೇಳುತ್ತಾನೆ.

ನಾಲ್ಕನೇ ದಿನ ಡೈವ್ ಇಲ್ಲ. ಬೋಟಿನ ಅಣ್ಣ ಬೆಳಿಗ್ಗೆ ಐದು ನಿಮಿಷ ನೀರು ನೋಡಿ "ಇವತ್ತು ಬೇಡ ಸರ್, ನೀರು ಎಳೀತದೆ" ಅಂದರು, ಸರ್ ಎರಡನೇ ಮಾತಾಡದೆ ರದ್ದು ಮಾಡಿದರು. ನಾವು ಗೊಣಗಿದೆವು, ನಾನಂತೂ ಜಾಸ್ತಿಯೇ. ಈಗ ಯೋಚಿಸಿದರೆ ಅವರು ಮಾಡಿದ್ದು ಸರಿ, ಅದೂ ದುಡ್ಡು ಕೊಟ್ಟವರು ಮುಖ ಊದಿಸಿಕೊಂಡು ನಿಂತಿರುವಾಗ. ಆದರೆ ಎಂಟು ಡೈವ್ ಅಂತ ಹೇಳಿ ಆರಕ್ಕೆ ನಿಲ್ಲಿಸಿ, ಉಳಿದ ಎರಡಕ್ಕೆ ಇನ್ನೊಂದು ದಿನವೂ ಇಲ್ಲ, ದುಡ್ಡೂ ವಾಪಸ್ ಇಲ್ಲ ಅಂದದ್ದು ಸರಿಯಲ್ಲ. ಕಡಲಿನ ವಿಷಯ, ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು ಅಂತ ಅವರಿಗೆ ಗೊತ್ತಿರಲಿಲ್ವಾ?

ಈಗ ಫೋನ್ ನಂಬರಿನ ವಿಷಯ. ಬೇರೆ ತಯಾರಿ ಎಲ್ಲ ಅಚ್ಚುಕಟ್ಟಾಗಿತ್ತು ಅನ್ನುವುದಕ್ಕೇ ಅದು ಚುಚ್ಚಿದ್ದು. ಆಕ್ಸಿಜನ್ ಸಿಲಿಂಡರ್ ತೆರೆಯುವ ಚಾವಿಯನ್ನು ಸಿಲಿಂಡರಿಗೇ ಹಗ್ಗದಲ್ಲಿ ಕಟ್ಟಿದ್ದರು, ಕಳೆಯುವ ಪ್ರಶ್ನೆಯೇ ಇಲ್ಲ. ಎಣ್ಣೆಗೂ ಆಕ್ಸಿಜನ್ನಿಗೂ ಆಗುವುದಿಲ್ಲ, ಬೆಂಕಿ ಹೊತ್ತಿಕೊಳ್ಳಬಹುದು ಅಂತ ಹೇಳಿ ಮುಟ್ಟುವ ಮೊದಲು ಎಲ್ಲರ ಕೈ ಸೋಪಿನಲ್ಲಿ ತೊಳೆಸಿದರು. ತಲೆಗೆ ತೆಂಗಿನೆಣ್ಣೆ ಹಚ್ಚಿ ಅದೇ ಕೈಯಲ್ಲಿ ಬರುವವರು ನಾವು, ನಮಗೆ ಇದು ಹೊಳೆಯುವುದೇ ಇಲ್ಲ. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 600 ಲೀಟರಿನ ಸಿಲಿಂಡರ್ 40 ನಿಮಿಷ ಬರುತ್ತದೆ, ಬೋಟು ದಡಕ್ಕೆ ಬಂದು ಅಲ್ಲಿಂದ ಮಣಿಪಾಲ ಮುಟ್ಟುವಷ್ಟರಲ್ಲಿ ಮುಗಿದರೆ ಏನು ಮಾಡುತ್ತೀರಿ ಅಂತ ನಮ್ಮನ್ನೇ ಕೇಳಿ, ಎರಡನೇ ಸಿಲಿಂಡರ್ ತೋರಿಸಿದರು. ಇಷ್ಟೆಲ್ಲ ಮಾಡಿದವರು ನಂಬರಿಗೆ ಒಂದು ಸಲ ಫೋನ್ ಮಾಡಿ ನೋಡಲಿಲ್ಲ. ಹಳೆಯ ಬ್ಯಾಚಿನ ಹಾಳೆಯನ್ನೇ ಜೆರಾಕ್ಸ್ ಮಾಡಿದ್ದರಂತೆ. ರಕ್ತದಲ್ಲಿ ಗುಳ್ಳೆ ಆದವರನ್ನು ಒಳಗಿಟ್ಟು ಚಿಕಿತ್ಸೆ ಕೊಡುವ ಒತ್ತಡದ ಚೇಂಬರ್ ಇರುವ ಜಾಗಕ್ಕೆ ಕೊಟ್ಟ ನಂಬರ್ ಅದು, ಸಿನಿಮಾ ಟಿಕೆಟಿನದ್ದಲ್ಲ.

ಸರ್ ಮುಖ ಕೆಂಪಾಯಿತು. ಸಬೂಬು ಹೇಳಲಿಲ್ಲ, ಅದಕ್ಕೆ ಒಂದು ಮಾರ್ಕ್ ಹೆಚ್ಚು ಕೊಡುತ್ತೇನೆ. "ಇದು ನನ್ನ ತಪ್ಪು, ಬರೆದುಕೊಳ್ಳಿ" ಅಂದರು. ಆವತ್ತಿನ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಆಯಿತು, ಅಷ್ಟರವರೆಗೆ ಹಾಳೆಯಲ್ಲಿದ್ದ ಒಂದೊಂದು ನಂಬರಿಗೂ ನಾವೇ ಫೋನ್ ಮಾಡಿ ಯಾರು ಎತ್ತುತ್ತಾರೆ, ರಾತ್ರಿ ಎತ್ತುತ್ತಾರಾ ಅಂತ ಕೇಳಿ ಬರೆದೆವು.

ಕೊನೆಯ ದಿನ ಬೆಂಗಳೂರಿನ ಮೂವರು ಬೆಳಿಗ್ಗೆ 11ಕ್ಕೆ ಡೈವ್ ಮುಗಿಸಿ ರಾತ್ರಿ ಒಂಬತ್ತರ ಬಸ್ಸಿಗೆ ಸೀಟು ಮಾಡಿದ್ದರು. ಮೇಡಂ ಬಿಡಲಿಲ್ಲ. ದಿನಾ ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಡಿಮೆ ಅಂದರೆ 18 ಗಂಟೆ ಬಿಡಬೇಕು ಅಂತ ಎಲ್ಲರಿಗೂ ಗೊತ್ತು, ಬಸ್ಸಿಗೆ ಏನು ಅಂತ ಅವರ ವಾದ. ಶಿರಾಡಿ ಘಾಟಿ ಹತ್ತಿದರೆ 900 ಮೀಟರ್ ಮೇಲೆ ಹೋದ ಹಾಗೆ, ಗುಳ್ಳೆಗೆ ಬಸ್ಸು ವಿಮಾನ ಅಂತ ಭೇದ ಇಲ್ಲ ಅಂದರು ಮೇಡಂ. ಬೈದುಕೊಂಡೇ ಟಿಕೆಟ್ ಬದಲಿಸಿದರು ಪಾಪ, ಮರುದಿನ ಬೆಳಗಿನ ಬಸ್ಸಿಗೆ.

ಸರ್ಟಿಫಿಕೇಟಿನ ಮೇಲೆ ನನಗೆ ಇನ್ನೊಂದು ತಕರಾರು ಇದೆ. ಅದರಲ್ಲಿ "ಸೈಂಟಿಫಿಕ್ ಡೈವರ್" ಅಂತ ದೊಡ್ಡದಾಗಿ ಹಾಕಿದ್ದಾರೆ. ಅಮೆರಿಕದ ಅಕಾಡೆಮಿ ಆಫ್ ಅಂಡರ್‌ವಾಟರ್ ಸೈನ್ಸಸ್ ಇದೇ ಹೆಸರಿಗೆ 100 ಗಂಟೆಯ ತರಬೇತಿ, 12 ಡೈವ್ ಕೇಳುತ್ತದೆ. ನಮ್ಮದು ಹೆಚ್ಚೆಂದರೆ 45 ಗಂಟೆ, 6 ಡೈವ್. ಇದನ್ನು ಪರಿಚಯದ ತರಬೇತಿ ಅಂತ ಹೇಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಈ ಕಾಗದ ತೋರಿಸಿ ಯಾವನೋ ನಾಳೆ 25 ಮೀಟರಿಗೆ ಕೆಲಸಕ್ಕೆ ಇಳಿದರೆ? ನಾನು ಬರೆದ ಎರಡು ಪುಟದಲ್ಲಿ ಒಂದು ಪುಟ ಇದೇ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಈಜುಕೊಳದ ಪಾಠ ಮಾತ್ರ ಆಗಿದ್ದರೆ ಐದಕ್ಕೆ ಐದು. ಹೋಗುವುದಾದರೆ ಅಕ್ಟೋಬರ್ ಮೇಲೆ, ಮಳೆಗಾಲದ ಕೆಸರು ಇಳಿದ ನಂತರ ನೋಡಿ. ಮಾಸ್ಕ್ ನಿಮ್ಮದೇ ಒಯ್ಯಿರಿ, ಅವರದ್ದು ನನ್ನ ಮುಖಕ್ಕೆ ಮೂರು ದಿನ ಸೋರಿತು. ಬೆಳಿಗ್ಗೆ ಬನ್ಸ್ ಭಾಜಿ ಕೊಡುತ್ತಾರೆ, ಭಾರೀ ರುಚಿ, ಆದರೆ ಬೋಟು ಹತ್ತುವ ಮೊದಲು ಒಂದಕ್ಕೇ ನಿಲ್ಲಿಸಿ. ನಾನು ಮೂರು ತಿಂದು, ಮೂರನ್ನೂ ಮೀನಿಗೆ ಹಾಕಿದೆ.

ಹೊಸ ತುರ್ತು ಹಾಳೆ ಕಳೆದ ವಾರ ವಾಟ್ಸಾಪಿನಲ್ಲಿ ಎಲ್ಲರಿಗೂ ಬಂತು, ಈ ಸಲ ಕನ್ನಡದಲ್ಲೂ ಇದೆ. ನಾಲ್ಕು ನಂಬರ್. ನಾಲ್ಕಕ್ಕೂ ಮಾಡಿ ನೋಡಿದೆ, ಒಂದಕ್ಕೆ ರಾತ್ರಿ ಹನ್ನೊಂದಕ್ಕೆ. ನಾಲ್ಕೂ ಕಡೆ ಎತ್ತಿದರು.