ಎಂಟು ವರ್ಷ ಬಳಸಿದ ಆಂಪ್ಲಿಫೈಯರ್: ಮೆಲ್ಲಗೆ ಇಟ್ಟಾಗ ಬಂದ ಕರಕರ

ಈ ಆಂಪ್ಲಿಫೈಯರ್ ನನ್ನ ಹತ್ತಿರ ಎಂಟು ವರ್ಷದಿಂದ ಇದೆ. ಎರಡು ಚಾನೆಲ್, ಒಂದೊಂದಕ್ಕೂ 60 ವ್ಯಾಟ್, ಕ್ಲಾಸ್ ಎಬಿ. ಮೊದಲ ಆರು ವರ್ಷ ಒಂದು ದೂರೂ ಇರಲಿಲ್ಲ. ಏಳನೇ ವರ್ಷ ಒಂದು ರಾತ್ರಿ, ಎಲ್ಲರೂ ಮಲಗಿದ ಮೇಲೆ, ವಾಲ್ಯೂಮ್ ತೀರಾ ಕಡಿಮೆ ಇಟ್ಟು ವೀಣೆ ಕೇಳುತ್ತಿದ್ದೆ. ಮೀಟಿದ ಕ್ಷಣ ಸ್ವರ ಸರಿಯಾಗಿಯೇ ಇತ್ತು. ಕರಗುತ್ತಾ ಕೊನೆಗೆ ಬಂದಾಗ ಮಾತ್ರ ಮರಳು ಸೇರಿದ ಹಾಗೆ ಕರಕರ ಅಂತು. ವಾಲ್ಯೂಮ್ ಏರಿಸಿದೆ, ಹೋಯಿತು. ಇಳಿಸಿದೆ, ಮತ್ತೆ ಬಂತು.

ಸ್ಪೀಕರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಜೋರಾದಷ್ಟೂ ತೊಂದರೆ ಜಾಸ್ತಿ ಆಗುತ್ತದೆ. ಇಲ್ಲಿ ಉಲ್ಟಾ. ಅದೂ ಎಡಗಡೆ ಮಾತ್ರ. ಎರಡು ಸ್ಪೀಕರ್‌ಗಳ ವೈರ್ ಅದಲುಬದಲು ಮಾಡಿದೆ. ಕರಕರ ಬಲಗಡೆಗೆ ಹೋಯಿತು. ಅಲ್ಲಿಗೆ ಸ್ಪೀಕರ್ ಮೇಲಿನ ಅನುಮಾನ ಮುಗಿಯಿತು.

ರಿಪೇರಿಗೆ ಕೊಟ್ಟೆ. 'ಪೂರ್ತಿ ಪವರ್‌ನಲ್ಲಿ ಅಳೆದೆವು, ಡಿಸ್ಟಾರ್ಷನ್ (ಅಲೆಯ ರೂಪ ಕೆಡುವುದು) 0.1% ಒಳಗೇ ಇದೆ, ಏನೂ ಆಗಿಲ್ಲ' ಅಂತ ವಾಪಸ್ ಕೊಟ್ಟರು. ನನಗೆ ನಿಜವಾಗಿ ಬೇಸರವಾಯಿತು. ತಪ್ಪು ಇರುವುದೇ ಸಣ್ಣ ಪವರ್‌ನಲ್ಲಿ ಅಲ್ವಾ?

ಇಂಥ ಕ್ಲಾಸ್ ಎಬಿ ಆಂಪ್ಲಿಫೈಯರ್‌ನ ಔಟ್‌ಪುಟ್‌ನಲ್ಲಿ ಎರಡು ಟ್ರಾನ್ಸಿಸ್ಟರ್ ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದು ಅಲೆಯ ಮೇಲಿನ ಅರ್ಧ ನೋಡಿಕೊಳ್ಳುತ್ತದೆ, ಇನ್ನೊಂದು ಕೆಳಗಿನ ಅರ್ಧ. ಪ್ರತಿಯೊಂದೂ ಆನ್ ಆಗಲು ಬೇಸ್‌ಗೆ ಸುಮಾರು 0.6 ವೋಲ್ಟ್ ಬೇಕು. ಬಯಾಸ್ (ಸಂಗೀತ ಇಲ್ಲದಾಗಲೂ ಇರುವ ಸಣ್ಣ ವೋಲ್ಟೇಜ್) ಕೊಟ್ಟು ಇಬ್ಬರನ್ನೂ ಸ್ವಲ್ಪ ಎಚ್ಚರವಾಗಿ ಇಡದಿದ್ದರೆ, ಅಲೆ ಸೊನ್ನೆ ದಾಟುವಾಗ ಯಾರೂ ಕೆಲಸದಲ್ಲಿ ಇರುವುದಿಲ್ಲ. ಅಲ್ಲಿ ಒಂದು ಮಡಿಕೆ ಬೀಳುತ್ತದೆ. ಇದೇ ಕ್ರಾಸ್ಓವರ್ ಡಿಸ್ಟಾರ್ಷನ್. 8 ಓಮ್ ಸ್ಪೀಕರ್‌ಗೆ 60 ವ್ಯಾಟ್ ಅಂದರೆ ಸುಮಾರು 22 ವೋಲ್ಟ್. ಅಷ್ಟು ದೊಡ್ಡ ಅಲೆಯಲ್ಲಿ ಆ ಮಡಿಕೆ ಲೆಕ್ಕಕ್ಕೇ ಬರುವುದಿಲ್ಲ. ರಾತ್ರಿ 10 ಮಿಲಿವ್ಯಾಟ್‌ನಲ್ಲಿ ಕೇಳುವಾಗ ಇರುವುದೇ 0.28 ವೋಲ್ಟ್. ಅಲೆ ಕುಗ್ಗಿತು, ಮಡಿಕೆ ಆ ಪ್ರಮಾಣದಲ್ಲಿ ಕುಗ್ಗಲಿಲ್ಲ. ನೆಗೆಟಿವ್ ಫೀಡ್‌ಬ್ಯಾಕ್, ಅಂದರೆ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೆ ಮರಳಿಸಿ ಹೋಲಿಸುವ ವ್ಯವಸ್ಥೆ, ಸಾಕಷ್ಟು ತಿದ್ದುತ್ತದೆ, ಆದರೆ ಫ್ರೀಕ್ವೆನ್ಸಿ ಏರಿದಂತೆ ಅದರ ಬಲ ಇಳಿಯುತ್ತದೆ.

ಕಿವಿಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂದರೆ, ಚೂಪಾದ ಮಡಿಕೆಯಿಂದ 5, 7, 9ನೇ ಹಾರ್ಮೋನಿಕ್‌ಗಳು (ಮೂಲ ಸ್ವರದ ಅಷ್ಟು ಪಟ್ಟು ಫ್ರೀಕ್ವೆನ್ಸಿಯ ಸ್ವರಗಳು) ಹುಟ್ಟುತ್ತವೆ. ಮೂಲ ಸ್ವರ ತನ್ನ ಹತ್ತಿರದ ಹಾರ್ಮೋನಿಕ್‌ಗಳನ್ನು ಮರೆಮಾಡುತ್ತದೆ, ಇಷ್ಟು ದೂರದವನ್ನು ಮರೆಮಾಡಲು ಅದಕ್ಕೆ ಆಗುವುದಿಲ್ಲ. ಶಬ್ದ ಮೆಲ್ಲಗಾದಂತೆ ಆ ಮರೆಯೂ ಕಿರಿದಾಗುತ್ತದೆ. ಬಿಬಿಸಿಯ ಎಂಜಿನಿಯರ್ ಶಾರ್ಟರ್ 1950ರಲ್ಲೇ ಪ್ರತಿ ಹಾರ್ಮೋನಿಕ್‌ನ ತೂಕಕ್ಕೆ ಅದರ ಸಂಖ್ಯೆಯ ವರ್ಗವನ್ನು 4ರಿಂದ ಭಾಗಿಸಿ ತೆಗೆದುಕೊಳ್ಳುವ ಸೂತ್ರ ಮುಂದಿಟ್ಟಿದ್ದರು. ಅದರಂತೆ ಮೂರನೆಯದಕ್ಕೆ 2.25, ಏಳನೆಯದಕ್ಕೆ 12.25. ಸುಮ್ನೆ ಎಲ್ಲವನ್ನೂ ಕೂಡಿಸಿ ಒಂದು ಶೇಕಡಾ ಬರೆದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಕೊನೆಗೆ ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯ ಬಂದ. ಮುಚ್ಚಳ ತೆಗೆದು, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 0.22 ಓಮ್ ಎಮಿಟರ್ ರೆಸಿಸ್ಟರ್ ಮೇಲೆ ಮೀಟರ್ ಇಟ್ಟೆವು. ಔಟ್‌ಪುಟ್ ಟ್ರಾನ್ಸಿಸ್ಟರ್‌ನ ಕರೆಂಟ್ ಇದರ ಮೂಲಕವೇ ಹರಿಯುವುದರಿಂದ ಬಯಾಸ್ ಎಷ್ಟಿದೆ ಅಂತ ಇದರ ವೋಲ್ಟೇಜ್ ಹೇಳುತ್ತದೆ. ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ 20 ಮಿಲಿವೋಲ್ಟ್ ಇರಬೇಕು. ಬಲಗಡೆ 18 ಇತ್ತು. ಎಡಗಡೆ 1. ಬಯಾಸ್ ಟ್ರಿಮ್‌ಪಾಟ್‌ನ (ಬಯಾಸ್ ಹೊಂದಿಸುವ ಪುಟ್ಟ ತಿರುಗಣಿಯ) ವೈಪರ್, ಅಂದರೆ ಒಳಗೆ ಸರಿಯುವ ಸಂಪರ್ಕ, ಟ್ರ್ಯಾಕ್ ಮೇಲೆ ಸರಿಯಾಗಿ ಕೂರುತ್ತಿರಲಿಲ್ಲ, ಮುಟ್ಟಿದರೆ ಅಂಕಿ ಕುಣಿಯುತ್ತಿತ್ತು. ಇಲ್ಲಿ ಒಂದು ಮೆಚ್ಚುಗೆ ಹೇಳಲೇಬೇಕು. ವೈಪರ್ ಕೈಕೊಟ್ಟರೆ ಬಯಾಸ್ ಇಳಿಯುವ ಹಾಗೆ ಸರ್ಕ್ಯೂಟ್ ಮಾಡಿದ್ದಾರೆ. ಏರುವ ಹಾಗಿದ್ದರೆ ಟ್ರಾನ್ಸಿಸ್ಟರ್‌ಗಳೇ ಸುಟ್ಟುಹೋಗುತ್ತಿದ್ದವು.

ಹೊಸ ಟ್ರಿಮ್‌ಪಾಟ್ ಹಾಕಿ ನಿಧಾನವಾಗಿ ತಿರುಗಿಸಿದೆವು. ಮೊದಲೇ 400 ಹರ್ಟ್ಜ್ ಟೋನ್ ಮೆಲ್ಲಗೆ ಹಚ್ಚಿ ಕೇಳಿದ್ದೆವು, ಜೇನುನೊಣ ಡಬ್ಬಿಯೊಳಗೆ ಸಿಕ್ಕಿದ ಹಾಗಿತ್ತು. 20ಕ್ಕೆ ನಿಲ್ಲಿಸಿ ಮತ್ತೆ ಅದೇ ಟೋನ್ ಹಚ್ಚಿದಾಗ ಬರೀ ಸ್ವರ ಉಳಿದಿತ್ತು. ಇನ್ನೂ ಏರಿಸಿದರೆ ಇನ್ನೂ ಚೆನ್ನ ಅಂದುಕೊಳ್ಳಬೇಡಿ. ಶಾಖ ಹೆಚ್ಚುತ್ತದೆ, ಬೇರೆ ಬಗೆಯ ಡಿಸ್ಟಾರ್ಷನ್ ಶುರುವಾಗುತ್ತದೆ. ಒಳಗೆ ಮೇನ್ಸ್ ಇರುತ್ತದೆ, ಮೀಟರ್ ಮೊನೆ ಜಾರಿದರೂ ಟ್ರಾನ್ಸಿಸ್ಟರ್ ಹೋಗುತ್ತದೆ, ಹಾಗಾಗಿ ಗೊತ್ತಿಲ್ಲದವರು ಕೈ ಹಾಕಬೇಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಳೆದದ್ದು ಆ ಅಗ್ಗದ, ತೆರೆದ ಟ್ರಿಮ್‌ಪಾಟ್‌ಗೆ. ಇದನ್ನು ಹಳೆಯದಾಗಿ ಕೊಳ್ಳುವವರು ಅಂಗಡಿಯಲ್ಲಿ ಜೋರಾಗಿ ಹಾಕಿ ನೋಡಿದರೆ ಸಾಲದು. ಒಂದು ಟೋನ್ ಹಾಕಿ, ಕೇಳಿಸದೇ ಹೋಗುವವರೆಗೂ ಇಳಿಸುತ್ತಾ ಕಿವಿಗೊಡಿ. ನಮ್ಮದನ್ನು ಕಳೆದ ವಾರ ಮತ್ತೆ ಅಳೆದೆವು: ಎಡ 20, ಬಲ 19.