ಎಸ್.ಪಿ. ರೋಡ್ ಗಲ್ಲಿ ರಿಪೇರಿ ಅಂಗಡಿ: 16 ಜಿಬಿ ರ‍್ಯಾಮ್ ಇದ್ರೂ 8 ಜಿಬಿ ಮಾತ್ರ ಬಳಸ್ತಿದ್ದ ಕಂಪ್ಯೂಟರ್ ಸರಿಯಾಯ್ತು

ಬೆಂಗಳೂರಿನ ಎಸ್.ಪಿ. ರೋಡ್ ಅಂದ್ರೆ ಹೊಸ ಕಂಪ್ಯೂಟರ್ ಸಾಮಾನು ಅಗ್ಗಕ್ಕೆ ಸಿಗೋ ಜಾಗ ಅಂತ ಎಲ್ರಿಗೂ ಗೊತ್ತು, ಆದ್ರೆ ರಿಪೇರಿಗೆ ಕೊಡೋಕೆ ಜನ ಹಿಂದೆಮುಂದೆ ನೋಡ್ತಾರೆ, ಒಳ್ಳೆ ಪಾರ್ಟ್ ಬಿಚ್ಕೊಂಡು ಹಳೇದು ಹಾಕಿ ಕಳಿಸ್ತಾರೆ ಅನ್ನೋ ಭಯ. ನಾನು ಹೋಗಿದ್ದು ಮೇನ್ ರೋಡಿನ ದೊಡ್ಡ ಅಂಗಡಿಗಲ್ಲ, ಒಳಗಿನ ಗಲ್ಲೀಲಿ ಕಿರಿದಾದ ಮೆಟ್ಲು ಹತ್ತಿ ಹೋಗೋ ಒಂದೇ ರೂಮು, ಒಬ್ರು ಓನರು, ಒಬ್ಬ ಹುಡುಗ, ಟೇಬಲ್ ತುಂಬಾ ಬಿಚ್ಚಿಟ್ಟ ಬೋರ್ಡುಗಳು. ನೋಡಿದ್ರೆ ನಂಬಿಕೆ ಬರೋ ಹಾಗಿಲ್ಲ ಬಿಡಿ.

ನನ್ನ ಡೆಸ್ಕ್‌ಟಾಪ್ ಇಂಟೆಲ್ 8ನೇ ಜನರೇಷನ್ ಐ5 ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಒಟ್ಟು 16 ಆಗ್ಬೇಕು, ಸಿಸ್ಟಮ್ ಪೇಜಲ್ಲಿ 16 ಜಿಬಿ ಅಂತ್ಲೇ ಬರ್ತಿತ್ತು, ಆದ್ರೆ ಪಕ್ಕದಲ್ಲೇ ಬ್ರಾಕೆಟ್ ಹಾಕಿ 7.9 ಜಿಬಿ ಯೂಸಬಲ್ ಅಂತ. ಮನೆ ಹತ್ರದ ಅಂಗಡಿಯವ್ರು ಐದು ನಿಮಿಷ ನೋಡಿ ಮದರ್‌ಬೋರ್ಡ್ ಹೋಗಿದೆ ಸರ್, ಬೋರ್ಡೂ ರ‍್ಯಾಮೂ ಎರಡೂ ಚೇಂಜ್ ಮಾಡಿ ಅಂದ್ರು.

ಇಲ್ಲಿ ಓನರ್ ಮೊದ್ಲು ಸ್ಕ್ರೂಡ್ರೈವರ್ ಮುಟ್ಲೇ ಇಲ್ಲ, ಅದೇ ನಂಗೆ ಇಷ್ಟ ಆಗಿದ್ದು. ವಿಂಡೋಸ್ 64 ಬಿಟ್ಟಾ 32 ಬಿಟ್ಟಾ ನೋಡಿದ್ರು, ಯಾಕಂದ್ರೆ 32 ಬಿಟ್ ಆದ್ರೆ ಎಷ್ಟೇ ರ‍್ಯಾಮ್ ಹಾಕಿದ್ರೂ 4 ಜಿಬಿ ದಾಟಲ್ಲ, ಅದ್ರಲ್ಲೂ ಗ್ರಾಫಿಕ್ಸ್ ಗಿಫಿಕ್ಸ್ ಎಲ್ಲಾ ಸ್ವಲ್ಪ ಜಾಗ ತಿಂದು ಮೂರು ಚಿಲ್ರೆ ಉಳಿಯುತ್ತೆ. ಹಳೇ ವಿಂಡೋಸ್ 7 ಹೋಮ್ ಬೇಸಿಕ್ ಆಗಿದ್ರೆ 64 ಬಿಟ್ ಆದ್ರೂ 8 ಜಿಬಿಗೇ ನಿಲ್ಲುತ್ತಂತೆ. ನಂದು 64 ಬಿಟ್ ವಿಂಡೋಸ್ 10, ಸೋ ಅದಲ್ಲ. ಆಮೇಲೆ ವಿಂಡೋಸಿನ ಸೆಟ್ಟಿಂಗ್ ಟೂಲ್ ಎಂಎಸ್‌ಕಾನ್ಫಿಗ್ ಓಪನ್ ಮಾಡಿ ಬೂಟ್ ಒಳಗೆ ಅಡ್ವಾನ್ಸ್ಡ್ ಆಪ್ಷನ್ಸಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಬಿದ್ದಿದ್ಯಾ ನೋಡಿದ್ರು, ಬಿದ್ದಿದ್ರೆ ವಿಂಡೋಸ್ ಅಲ್ಲಿ ಬರ್ದಷ್ಟೇ ರ‍್ಯಾಮ್ ಬಳಸುತ್ತೆ, ಯೂಟ್ಯೂಬ್ ನೋಡಿ ಸ್ಪೀಡ್ ಆಗುತ್ತೆ ಅಂತ ಟಿಕ್ ಹಾಕ್ಕೊಂಡು ಬರೋರು ಜಾಸ್ತಿ ಅಂತ ನಗ್ತಾ ಹೇಳಿದ್ರು. ನಂದ್ರಲ್ಲಿ ಟಿಕ್ ಇರ್ಲಿಲ್ಲ. ಒಳಗಿನ ಗ್ರಾಫಿಕ್ಸ್ ಸ್ವಲ್ಪ ಮೆಮೊರಿ ಇಟ್ಕೊಳ್ಳೋದು ಮಾಮೂಲಿ, ಆದ್ರೆ ಸರಿಯಾಗಿ ಅರ್ಧಕ್ಕರ್ಧ ಹೋಗಿದೆ ಅಂದ್ರೆ ಒಂದು ಚಾನೆಲ್ಲೇ, ಅಂದ್ರೆ ಪ್ರೊಸೆಸರಿಂದ ರ‍್ಯಾಮಿಗೆ ಹೋಗೋ ಎರಡು ದಾರೀಲಿ ಒಂದು, ಹೋಗಿದೆ ಅಂತ ಅರ್ಥ ಸರ್ ಅಂದ್ರು.

ಆಗ ಬಿಚ್ಚಿದ್ರು. ಒಂದೊಂದೇ ಸ್ಟಿಕ್ ತೆಗೆದು ಬಂಗಾರದ ಬಣ್ಣದ ಕಾಂಟ್ಯಾಕ್ಟನ್ನ ಸ್ಕೂಲ್ ಮಕ್ಳ ರಬ್ಬರಲ್ಲಿ ಉಜ್ಜಿ ಒಂದೇ ಸ್ಲಾಟಿಗೆ ಹಾಕಿ ನೋಡಿದ್ರು, ಎರಡೂ ಸ್ಟಿಕ್ ಅಲ್ಲಿ ಚೆನ್ನಾಗೇ ಓಡ್ತು. ಅವನ್ನೇ ಇನ್ನೊಂದು ಚಾನೆಲ್ ಸ್ಲಾಟಿಗೆ ಹಾಕಿದ್ರೆ ಡಿಸ್‌ಪ್ಲೇನೇ ಬರಲ್ಲ. ರ‍್ಯಾಮ್ ತಪ್ಪಿಲ್ಲ ಅಂತ ಅಲ್ಲೇ ಗೊತ್ತಾಯ್ತು, ಬೇಕಿದ್ರೆ ಆಗ್ಲೇ ನಂಗೆ ಹೊಸ ಬೋರ್ಡ್ ಮಾರ್ಬೋದಿತ್ತು. ಬದ್ಲಿಗೆ ಕೇಳಿದ್ರು, ಪ್ರೊಸೆಸರ್ ತಣ್ಣಗಿಡೋ ಈ ಕೂಲರ್ ಯಾವಾಗ ಹಾಕ್ಸಿದ್ದು ಸರ್?

ಬೇಸಿಗೇಲಿ ಅದೇ ಮನೆ ಹತ್ರದ ಅಂಗಡೀಲಿ ದೊಡ್ಡ ಕೂಲರ್ ಹಾಕ್ಸಿದ್ದೆ. ಅದ್ರ ಒಂದು ಕಡೆ ಸ್ಕ್ರೂ ಜಡಿದು ಟೈಟ್ ಮಾಡಿದ್ರು, ಇನ್ನೊಂದು ಕಡೆ ಸಡಿಲ. ವಿಷ್ಯ ಏನಂದ್ರೆ ಈಗಿನ ಕಂಪ್ಯೂಟರಲ್ಲಿ ರ‍್ಯಾಮನ್ನ ನಡೆಸೋ ಮೆಮೊರಿ ಕಂಟ್ರೋಲರ್ ಬೋರ್ಡಲ್ಲಿ ಇರಲ್ಲ, ಪ್ರೊಸೆಸರ್ ಒಳಗೇ ಇರುತ್ತೆ, ಪ್ರೊಸೆಸರ್ ಕೂರೋ ಸಾಕೆಟ್ಟಲ್ಲಿ 1151 ಸಣ್ಣ ಸಣ್ಣ ಪಿನ್, ಕೂಲರ್ ಓರೆಯಾಗಿ ಒತ್ತಿದ್ರೆ ಒಂದು ಅಂಚಲ್ಲಿ ಪಿನ್ ಸರಿಯಾಗಿ ತಾಗಲ್ಲ, ಆ ಪಿನ್ನುಗಳು ಒಂದು ಚಾನೆಲ್ಲಿಂದಾದ್ರೆ ಆ ಕಡೆ ರ‍್ಯಾಮ್ ಪೂರ್ತಿ ಔಟ್. ಹಾಗಾದ್ರೆ 16 ಅಂತ ಯಾಕೆ ತೋರ್ಸುತ್ತೆ ಅಂತ ಕೇಳ್ದೆ. ಸ್ಟಿಕ್ ಮೇಲೆ ಅದ್ರ ಸೈಜು ಸ್ಪೀಡು ಬರ್ದಿರೋ ಪುಟ್ಟ ಚಿಪ್ ಇದೆ, ಅದನ್ನ ಓದೋ ಲೈನೇ ಬೇರೆ, ಡೇಟಾ ಹೋಗೋ ಲೈನೇ ಬೇರೆ, ಹೆಸ್ರು ಹಾಜರಿ ಪುಸ್ತಕದಲ್ಲಿದೆ ಆದ್ರೆ ಹುಡುಗ ಕ್ಲಾಸಲ್ಲಿಲ್ಲ ಅಂದ್ರು. ಇಷ್ಟು ಚೆನ್ನಾಗಿ ನಂಗೆ ಯಾರೂ ಹೇಳಿರ್ಲಿಲ್ಲ.

ಕೂಲರ್ ತೆಗೆದು, ಪ್ರೊಸೆಸರ್ ಎತ್ತಿ, ಭೂತಗನ್ನಡಿ ಹಿಡ್ದು ಪಿನ್ ನೋಡಿದ್ರು, ಯಾವುದೂ ಬಗ್ಗಿರ್ಲಿಲ್ಲ, ನನ್ನ ಪುಣ್ಯ, ಬಗ್ಗಿದ್ರೆ ಸೂಜೀಲಿ ನೆಟ್ಟಗೆ ಮಾಡ್ಬೇಕು, ಅದು ಗ್ಯಾರಂಟಿ ಇಲ್ಲದ ಕೆಲ್ಸ. ಪ್ರೊಸೆಸರ್ ಬಿಸಿ ಕೂಲರಿಗೆ ದಾಟ್ಸೋ ಹೊಸ ಪೇಸ್ಟ್ ಹಾಕಿ ಸ್ಕ್ರೂಗಳನ್ನ ಎದುರುಬದುರು ಸ್ವಲ್ಪ ಸ್ವಲ್ಪನೇ ತಿರುಗ್ಸಿ ಕೂರ್ಸಿದ್ರು. ಆನ್ ಮಾಡಿದ್ರೆ 15.9 ಯೂಸಬಲ್! ಅಷ್ಟಕ್ಕೇ ಬಿಡ್ದೆ ರಾತ್ರಿಯಿಡೀ ರ‍್ಯಾಮ್ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಓಡ್ಸಿ ಎರರ್ ಇಲ್ಲ ಅಂತ ಮಾರನೇ ದಿನ ಸ್ಕ್ರೀನ್ ಫೋಟೋ ವಾಟ್ಸಾಪ್ ಮಾಡಿದ್ರು. ಚಾರ್ಜು ಪೇಸ್ಟ್ ಸೇರಿ 600 ರೂಪಾಯಿ.

ನಾಲ್ಕು ಸ್ಟಾರ್ ಕೊಡ್ತೀನಿ. ಒಂದು ಕಟ್ ಮಾಡಿದ್ದು ಯಾಕಂದ್ರೆ ಫೋನ್ ಎತ್ತೋದೇ ಇಲ್ಲ, ಮೆಸೇಜೇ ಗತಿ, ಮತ್ತೆ ಮಿಷಿನ್ ಇಸ್ಕೊಂಡಾಗ ರಸೀದಿ ಕೊಡಲ್ಲ, ಕೇಳಿದ್ರೆ ವಿಸಿಟಿಂಗ್ ಕಾರ್ಡ್ ಹಿಂದೆ ಪೆನ್ನಲ್ಲಿ ಗೀಚಿ ಕೊಡ್ತಾರೆ. ಆದ್ರಿಂದ ಕೊಡೋ ಮುಂಚೆ ಪಾರ್ಟ್‌ಗಳ ಸೀರಿಯಲ್ ನಂಬರ್ ಫೋಟೋ ತೆಕ್ಕೊಳ್ಳಿ. ಮಾನಿಟರ್ ಕೀಬೋರ್ಡ್ ಹೊತ್ಕೊಂಡು ಹೋಗ್ಬೇಡಿ, ಡಬ್ಬ ಒಂದೇ ಸಾಕು. ಕಾರಲ್ಲಿ ಹೋದ್ರೆ ಪಾರ್ಕಿಂಗ್ ಹುಡ್ಕೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಆಟೋನೇ ಬೆಸ್ಟು.